ಘಟಶ್ರಾದ್ಧ: ಬದುಕಿರುವ ಮಗಳಿಗೇ ಶ್ರಾದ್ಧ

ಮೊನ್ನೆ ರಾತ್ರಿ ಮತ್ತೆ 'ಘಟಶ್ರಾದ್ಧ' ನೋಡಿದೆ, ಮುಗಿದ ಮೇಲೆ ತುಂಬಾ ಹೊತ್ತು ನಿದ್ದೆ ಬರಲಿಲ್ಲ. ಗಿರೀಶ್ ಕಾಸರವಳ್ಳಿ 1977ರಲ್ಲಿ ಮಾಡಿದ ಮೊದಲ ಸಿನಿಮಾ ಇದು. ಅನಂತಮೂರ್ತಿ ಅವರ ಕಥೆ, ಕಪ್ಪು ಬಿಳುಪು.

ಉಡುಪರ ವೇದಪಾಠಶಾಲೆಗೆ ನಾಣಿ ಎಂಬ ಪುಟ್ಟ ಹುಡುಗ ಓದಲು ಬರುತ್ತಾನೆ. ಉಡುಪರ ಮಗಳು ಯಮುನಾ ವಿಧವೆ, ಈಗ ಬಸುರಿ. ಮನೆಯೊಳಗೆ ಯಾರೂ ಬಾಯಿಬಿಟ್ಟು ಹೇಳದ ಈ ವಿಷಯವನ್ನು ನಾವು ನೋಡುವುದು ಆ ಹುಡುಗನ ಕಣ್ಣಿಂದ, ಅವನಿಗೆ ಏನೋ ತಪ್ಪಾಗಿದೆ ಅಂತ ಗೊತ್ತಾಗುತ್ತದೆ ಆದರೆ ಏನು ಅಂತ ಪೂರ್ತಿ ತಿಳಿಯುವುದಿಲ್ಲ, ಯಮುನಕ್ಕ ಅಂತ ಅವಳ ಹಿಂದೆಯೇ ಓಡಾಡುತ್ತಾನೆ. ಹೊಟ್ಟೆ ಕಿವುಚುವುದು ಅಲ್ಲೇ. ನಾಣಿಯಾಗಿ ಅಜಿತ್ ಕುಮಾರ್ ನಟಿಸಿದ್ದಾನೆ ಅನ್ನಿಸುವುದೇ ಇಲ್ಲ. ಅವನಿಗೆ ರಾಷ್ಟ್ರಪ್ರಶಸ್ತಿ ಬಂತು, ಸಿನಿಮಾಗೆ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲವೂ ಬಂತು.

ಕೊನೆಗೆ ಅಪ್ಪನೇ ಬದುಕಿರುವ ಮಗಳ ಶ್ರಾದ್ಧ ಮಾಡಿ ಅವಳನ್ನು ಜಾತಿಯಿಂದ ಹೊರಹಾಕುತ್ತಾನೆ, ಅದೇ ಘಟಶ್ರಾದ್ಧ. ಅದೇ ಅಪ್ಪ ಎಳೆ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಟರೆ ಊರಿಗೆ ಅದು ತಪ್ಪೇ ಅಲ್ಲ! ತಲೆ ಬೋಳಿಸಿಕೊಂಡು ಮರದಡಿ ಒಬ್ಬಳೇ ಕೂತ ಯಮುನಾಳನ್ನು ನೋಡಿದಾಗ ನನಗೆ ಸಿಟ್ಟು ಬಂತು, ಅಳುವೂ ಬಂತು.

ಬಿ.ವಿ. ಕಾರಂತರ ಸಂಗೀತ ಕಡಿಮೆ, ಆದರೆ ಎದೆಗೆ ನಾಟುತ್ತದೆ. ನಡುವೆ ಸ್ವಲ್ಪ ನಿಧಾನ ಅನ್ನಿಸಬಹುದು, ತಾಳ್ಮೆ ಬೇಕು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಇದರ ಹೊಸದಾಗಿ ಶುದ್ಧಗೊಳಿಸಿದ ಪ್ರತಿ ತೋರಿಸಿದರು. ಆ ಪ್ರತಿ ನಿಮ್ಮೂರಲ್ಲಿ ಎಲ್ಲಾದರೂ ಬಂದರೆ ಫೋನ್ ಆಫ್ ಮಾಡಿ ದೊಡ್ಡ ಪರದೆಯಲ್ಲೇ ನೋಡಿ.