ಬಾಲ್ಕನಿಯ ಕಂಬಿ ಕೆಳಗಿಳಿದಿತ್ತು, ನಮಗೆ ಗೊತ್ತಾಗಿದ್ದು ಬಿರುಕು ಬಿಟ್ಟ ಮೇಲೆ

ಗೋಡೆಯಿಂದ ಹೊರಚಾಚುವ ಬಾಲ್ಕನಿ ಕಟ್ಟಿಸುತ್ತಿದ್ದೀರಾ? ಕಾಂಕ್ರೀಟ್ ಹಾಕುವ ಮುಂಚೆ ದಯವಿಟ್ಟು ಇದನ್ನು ಓದಿ.

ನಮ್ಮ ಬಾಲ್ಕನಿ 1.2 ಮೀಟರ್ ಚಾಚಿತ್ತು, ಸ್ಲ್ಯಾಬ್ 125 ಮಿ.ಮೀ. ದಪ್ಪ. ಡ್ರಾಯಿಂಗ್ ಸರಿಯಾಗಿತ್ತು. ಸ್ಲ್ಯಾಬ್ ಒಳಗಿನ ಉಕ್ಕಿನ ಕಂಬಿಯನ್ನೂ ಹಾಗೆಯೇ ಕಟ್ಟಿದ್ದರು. ಹಿಂದಿನ ಸಂಜೆ ನಾನೇ ಒಂದೊಂದನ್ನೂ ಎಣಿಸಿದ್ದೆ. ಮರುದಿನ ಕಾಂಕ್ರೀಟ್ ಸುರಿಯುವಾಗ ಕೆಲಸದವರು ಆ ಕಂಬಿಗಳ ಮೇಲೆಯೇ ಓಡಾಡಿದರು. ನಾನು ಅಲ್ಲೇ ನಿಂತಿದ್ದೆ. ಅದು ತಪ್ಪು ಅಂತ ನನಗೆ ಹೊಳೆಯಲೇ ಇಲ್ಲ.

ಒಳಗಿನ ಸ್ಲ್ಯಾಬ್ ಎರಡು ಕಡೆ ಆಧಾರದ ಮೇಲೆ ಕೂತಿರುತ್ತದೆ. ನಡುವೆ ಬಾಗುತ್ತದೆ, ಎಳೆತ ಅಡಿಭಾಗಕ್ಕೆ ಬೀಳುತ್ತದೆ. ಬಾಲ್ಕನಿಯಲ್ಲಿ ಇದು ಪೂರ್ತಿ ಉಲ್ಟಾ. ತುದಿ ಕೆಳಗೆ ಜಗ್ಗುವುದರಿಂದ ಎಳೆತ ಮೇಲ್ಭಾಗದಲ್ಲಿ, ಅದೂ ಗೋಡೆಯ ಹತ್ತಿರ ಅತಿ ಜಾಸ್ತಿ. ಕಾಂಕ್ರೀಟ್ ಅದುಮಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಅದಕ್ಕೇ ಮುಖ್ಯ ಕಂಬಿ ಮೇಲೆಯೇ ಇರಬೇಕು. ಅದನ್ನು ಎತ್ತಿ ಹಿಡಿಯುವುದು ಚೇರ್‌ಗಳು, ಅಂದರೆ ಕಂಬಿಯ ಕೆಳಗಿಡುವ ಪುಟ್ಟ ಆಸರೆಗಳು. ನಮ್ಮಲ್ಲಿ ಅವು ತೀರಾ ದೂರದೂರ ಇದ್ದವು. ಕಾಲು ಬಿದ್ದಾಗ ವಾಲಿಕೊಂಡಿವೆ.

ತುದಿಗೆ ಇಟ್ಟಿಗೆಯ ಪ್ಯಾರಪೆಟ್ (ತಡೆಗೋಡೆ) ಕಟ್ಟಿದ ಮೇಲೆ ಬಿರುಕು ಕಾಣಿಸಿತು. "ಪ್ಲಾಸ್ಟರ್ ಬಿರುಕು ಬಿಡಿ, ಎಲ್ಲ ಕಡೆ ಬರುತ್ತೆ" ಅಂದರು ಮೇಸ್ತ್ರಿ. ಸಿಮೆಂಟ್ ತುಂಬಿದರು. ಅದೇ ಜಾಗದಲ್ಲಿ ಮತ್ತೆ ಬಂತು, ಈ ಸಲ ಇನ್ನೂ ಅಗಲವಾಗಿ. ಸುಮ್ನೆ ಒಣಗಿ ಬರುವ ಬಿರುಕು ಅಡ್ಡಾದಿಡ್ಡಿ ಹರಿಯುತ್ತದೆ. ಇದು ಬಾಲ್ಕನಿಯ ಮೇಲ್ಮೈಯಲ್ಲಿ, ಗೋಡೆಯ ಉದ್ದಕ್ಕೂ ನೇರ ಗೆರೆ ಎಳೆದ ಹಾಗಿತ್ತು. ಅಂಥದ್ದು ಕಂಡರೆ ತುಂಬಿ ಮುಚ್ಚಬೇಡಿ. ಬಾಲ್ಕನಿಯ ಮೇಲೂ ಕೆಳಗೂ ಯಾರನ್ನೂ ಬಿಡಬೇಡಿ, ಸ್ಟ್ರಕ್ಚರಲ್ ಎಂಜಿನಿಯರ್‌ರನ್ನು ಕರೆಯಿರಿ.

ನಮ್ಮಲ್ಲಿಗೆ ಬಂದವರು ಮೊದಲು ಕೆಳಗಿನಿಂದ ಪ್ರಾಪ್ (ತಾತ್ಕಾಲಿಕ ಆಸರೆ) ಕೊಡಿಸಿದರು. ಆಮೇಲೆ ಕಂಬಿ ಎಷ್ಟು ಆಳದಲ್ಲಿದೆ ಅಂತ ತೋರಿಸುವ ಕವರ್ ಮೀಟರ್ ಹಿಡಿದು ನೋಡಿದರು. ಮೇಲಿನಿಂದ 25 ಮಿ.ಮೀ. ಒಳಗೆ ಇರಬೇಕಿದ್ದ ಕಂಬಿ 65 ಮಿ.ಮೀ. ಆಳದಲ್ಲಿತ್ತು. ಕೇಳಲು ಸಣ್ಣ ವ್ಯತ್ಯಾಸ, ಅಲ್ವಾ? ಆದರೆ ಲೆಕ್ಕಕ್ಕೆ ಬರುವುದು ಸ್ಲ್ಯಾಬ್‌ನ ಅಡಿಯಿಂದ ಕಂಬಿಯವರೆಗಿನ ಎತ್ತರ. ಅದು 100ರಿಂದ 60ಕ್ಕೆ ಇಳಿದಿತ್ತು. ಅಂದರೆ ಶಕ್ತಿಯಲ್ಲಿ ಸುಮಾರು 40 ಪ್ರತಿಶತ ಹೋಯಿತು. ಬಾಗುವುದಂತೂ ಎರಡು ಪಟ್ಟಿಗೂ ಜಾಸ್ತಿ.

ಪ್ಯಾರಪೆಟ್‌ನ ಲೆಕ್ಕವನ್ನೂ ಅವರೇ ಬಿಡಿಸಿ ಹೇಳಿದರು. ಒಂದು ಮೀಟರ್ ಅಗಲಕ್ಕೆ ಸ್ಲ್ಯಾಬ್‌ನ ಸ್ವಂತ ಭಾರ 375 ಕಿಲೋ. 100 ಮಿ.ಮೀ. ದಪ್ಪ, ಒಂದು ಮೀಟರ್ ಎತ್ತರದ ಇಟ್ಟಿಗೆ ಗೋಡೆ 190 ಕಿಲೋ ಸುಮಾರು, ಅಂದರೆ ಅರ್ಧ. ಆದರೆ ಸ್ಲ್ಯಾಬ್‌ನ ಭಾರ ನಡುವಿನಿಂದ ಜಗ್ಗುತ್ತದೆ, ಪ್ಯಾರಪೆಟ್‌ನದು ತುದಿಯಿಂದ. ಹಾಗಾಗಿ ಬಾಲ್ಕನಿಯ ಬುಡಕ್ಕೆ ಎರಡರ ಎಳೆತವೂ ಹೆಚ್ಚುಕಡಿಮೆ ಒಂದೇ. ಹಗುರವಾದ ರೇಲಿಂಗ್ ಹಾಕಿ ಅಂತ ನಮಗೆ ಮೊದಲೇ ಯಾರಾದರೂ ಹೇಳಬೇಕಿತ್ತು.

ತುದಿಗೊಂದು ಕಂಬ ಕೊಟ್ಟರಾಯಿತು ಅಂತ ಒಬ್ಬರು ಸಲಹೆ ಕೊಟ್ಟರು. ಎಂಜಿನಿಯರ್ ಒಪ್ಪಲಿಲ್ಲ. ಕಂಬ ಬಂದರೆ ಎಳೆತ ನಡುವಿನ ಅಡಿಭಾಗಕ್ಕೆ ಹೋಗುತ್ತದೆ, ಅಲ್ಲಿ ಅದಕ್ಕೆ ಬೇಕಾದಷ್ಟು ಕಂಬಿ ಇರಲಿಲ್ಲ. ಕೊನೆಗೆ ಒಡೆಸಿದೆವು.

ಎರಡನೇ ಸಲ ಚೇರ್‌ಗಳನ್ನು ಒತ್ತೊತ್ತಾಗಿ ಇಡಿಸಿದೆವು. ಓಡಾಡಲು ಕಂಬಿಗೆ ತಾಗದ ಹಾಗೆ ಹಲಗೆ ಹಾಕಿಸಿದೆವು. ಮೇಲಿನ ಕಂಬಿ ಒಳಗಿನ ಸ್ಲ್ಯಾಬ್‌ಗೆ ಸಾಕಷ್ಟು ಉದ್ದ ಹೋಗಿದೆಯಾ ಅಂತ ಡ್ರಾಯಿಂಗ್ ಹಿಡಿದು ಅಳೆದೆ. ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಕೆಳಗಿಡುವ ಆಸರೆ) ಬಿಚ್ಚುವಾಗ ತುದಿಯಿಂದ ಶುರು ಮಾಡಿ ಗೋಡೆಯ ಕಡೆಗೆ ಬಂದರು. ಕಾಂಕ್ರೀಟ್ ಬೀಳುವಾಗ ನಾನು ಟೇಪ್ ಹಿಡಿದು ನಿಂತಿದ್ದೆ. ಎರಡು ಕಡೆ ಕಂಬಿ ಮತ್ತೆ ತಗ್ಗಿತ್ತು. ಕೆಲಸ ನಿಲ್ಲಿಸಿ, ಎತ್ತಿ ಕಟ್ಟಿಸಿ, ಆಮೇಲೆ ಮುಂದುವರಿಸಿದೆವು.