ಕುಂಬಳ ಬೀಜ: ಸಿಪ್ಪೆ ಸಮೇತನಾ, ಬರೀ ತಿರುಳಾ, ಇಲ್ಲ ಎಣ್ಣೇನಾ?

ಸಿಹಿಕುಂಬಳದ ಬೀಜ ಒಳ್ಳೇದು ಅಂತ ಎಲ್ರೂ ಹೇಳ್ತಾರೆ, ಆದ್ರೆ ಅದನ್ನ ಹೇಗೆ ತಿನ್ಬೇಕು ಅಂತ ಯಾರೂ ಬಿಡಿಸಿ ಹೇಳಲ್ಲ. ಸಿಪ್ಪೆ ಸಮೇತ ಹುರಿದಿದ್ದು, ಸಿಪ್ಪೆ ತೆಗೆದ ಹಸಿರು ತಿರುಳು, ಆಮೇಲೆ ಎಣ್ಣೆ, ಮೂರನ್ನೂ ಸಾಕಷ್ಟು ದಿನ ಬಳಸಿ ನೋಡಿದೀನಿ. ನನ್ನ ಓಟು ತಿರುಳಿಗೆ.

ಈ ಬೀಜದ ನಿಜವಾದ ಬಲ ಇರೋದೇ ಖನಿಜಾಂಶದಲ್ಲಿ. 100 ಗ್ರಾಂ ತಿರುಳಲ್ಲಿ ಸುಮಾರು 30 ಗ್ರಾಂ ಪ್ರೋಟೀನ್, 550 ಮಿಲಿಗ್ರಾಂ ಆಸುಪಾಸು ಮೆಗ್ನೀಸಿಯಂ, 7ರಿಂದ 8 ಮಿಲಿಗ್ರಾಂ ಜಿಂಕ್ ಇರುತ್ತೆ. ದಿನಾ ಒಂದು ಸಣ್ಣ ಹಿಡಿ, ಅಂದ್ರೆ ಒಂದು 30 ಗ್ರಾಂ ತಿಂದ್ರೂ ದೊಡ್ಡೋರಿಗೆ ಬೇಕಾದ ಮೆಗ್ನೀಸಿಯಂನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಸಿಗುತ್ತೆ, ಹೊಟ್ಟೇನೂ ತುಂಬ ಹೊತ್ತು ತುಂಬಿದಂಗಿರುತ್ತೆ. ಕ್ಯಾಲೊರಿ ಕಮ್ಮಿ ಏನಲ್ಲ, 100 ಗ್ರಾಂಗೆ 550 ದಾಟುತ್ತೆ, ಅದಕ್ಕೇ ಹಿಡಿಗೆ ನಿಲ್ಲಿಸಬೇಕು. ಹುರಿಯೋವಾಗ ಎಣ್ಣೆ ಬೇಡ, ಸಣ್ಣ ಉರಿ ಸಾಕು, ಚಪ್ಪಟೆ ಇದ್ದ ತಿರುಳು ಉಬ್ಬಿ ಪಟಪಟ ಅನ್ನೋಕೆ ಶುರು ಮಾಡಿದ ತಕ್ಷಣ ಇಳಿಸಿಬಿಡಿ, ಇನ್ನೊಂಚೂರು ಬಿಟ್ರೂ ಕಹಿ ಬರುತ್ತೆ.

ಸಿಪ್ಪೆ ಸಮೇತ ತಿನ್ನೋದ್ರಲ್ಲಿ ನಾರು ಜಾಸ್ತಿ ಅನ್ನೋದು ನಿಜ, ಅಗಿಯೋಕೆ ಟೈಮ್ ಹಿಡಿಯೋದ್ರಿಂದ ತಿನ್ನೋದೂ ಕಮ್ಮಿ ಆಗುತ್ತೆ. ಆದ್ರೆ ನಂಗೆ ದವಡೆ ನೋವು ಬರ್ತಿತ್ತು, ಸರಿಯಾಗಿ ಅಗಿಯದೆ ಜಾಸ್ತಿ ನುಂಗಿದ್ರೆ ಸಿಪ್ಪೆ ಕರುಳಲ್ಲಿ ಗಟ್ಟಿ ಉಂಡೆ ಕಟ್ಟಿಕೊಳ್ಳೋ ಅಪಾಯಾನೂ ಇದೆ. ಮಕ್ಕಳಿಗಂತೂ ಕೊಡಲೇಬೇಡಿ.

ಎಣ್ಣೆ ರುಚೀಲಿ ಅದ್ಭುತ, ಸುಳ್ಳು ಹೇಳಲ್ಲ. ತಟ್ಟೆಗೆ ತೆಳ್ಳಗೆ ಸುರಿದ್ರೆ ಕಡು ಹಸಿರು, ಬಾಟಲಿಯಲ್ಲಿ ನೋಡಿದ್ರೆ ಕೆಂಪು! ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತ್ಯದಲ್ಲಿ ಸಿಪ್ಪೆ ಇಲ್ಲದ ಬೀಜ ಬಿಡೋ ತಳಿಯನ್ನೇ ಇದಕ್ಕೋಸ್ಕರ ಬೆಳೀತಾರೆ. ಒಳ್ಳೆ ಕೊಬ್ಬು ಸಿಗುತ್ತೆ, ಆದ್ರೆ ಮೆಗ್ನೀಸಿಯಂ, ಜಿಂಕ್, ಪ್ರೋಟೀನ್ ಎಲ್ಲಾ ಹಿಂಡಿಯಲ್ಲೇ ಉಳ್ಕೊಂಡುಬಿಡುತ್ತೆ, ಹಂಗಾಗಿ ಬೀಜದ ಬದಲಿಗೆ ಎಣ್ಣೆ ಅಂತ ಲೆಕ್ಕ ಹಾಕೋಕಾಗಲ್ಲ. ಒಲೆ ಮೇಲೆ ಕಾಯಿಸಬೇಡಿ, ಮೇಲಿಂದ ಹಾಕ್ಕೊಳ್ಳಿ.

ಇನ್ನು ಔಷಧಿ ವಿಷಯ. ಲಾಡಿಹುಳಕ್ಕೆ ಇದು ಹಳೇ ಮದ್ದು, ಅಮೆರಿಕದ ಅಧಿಕೃತ ಔಷಧ ಕೋಶದಲ್ಲೇ 1863ರಿಂದ 1936ರವರೆಗೂ ಇತ್ತು. ಆದ್ರೆ ಈಗ ಅದಕ್ಕೆ ಪಕ್ಕಾ ಕೆಲಸ ಮಾಡೋ ಮಾತ್ರೆ ಇದೆ, ಬೀಜ ನಂಬಿ ಕೂತ್ಕೋಬೇಡಿ. ವಯಸ್ಸಾದ ಗಂಡಸರಿಗೆ ಪ್ರಾಸ್ಟೇಟ್ ದೊಡ್ಡದಾಗಿ ಪದೇ ಪದೇ ಮೂತ್ರಕ್ಕೆ ಹೋಗೋ ತೊಂದರೆ ಇರುತ್ತಲ್ಲ, ಅದಕ್ಕೆ ಯುರೋಪಿನ ಔಷಧ ಸಂಸ್ಥೆ ಈ ಬೀಜವನ್ನ ಸಾಂಪ್ರದಾಯಿಕ ಬಳಕೆ ಅಂತ ಒಪ್ಪಿಕೊಂಡಿದೆ, ಅದೂ ಬೇರೆ ದೊಡ್ಡ ಕಾಯಿಲೆ ಇಲ್ಲ ಅಂತ ಡಾಕ್ಟರ್ ನೋಡಿ ಹೇಳಿದ ಮೇಲೆ. ಮನೇಲಿ ಅಪ್ಪನೋ ಮಾವನೋ ರಾತ್ರಿ ನಾಲ್ಕೈದು ಸಲ ಏಳ್ತಿದ್ರೆ ಮೊದಲು ತೋರಿಸ್ಕೊಂಡು ಬನ್ನಿ, ಮೂತ್ರದಲ್ಲಿ ರಕ್ತ ಕಂಡ್ರೆ ಅವತ್ತೇ ಹೋಗಿ.