‘ಲಿಸ್ಟ್ ಆಗುವ ಮೊದಲೇ ಸೇರಿ’ ಎನ್ನುವವರ ಬಗ್ಗೆ ಎಚ್ಚರ

ಗೋಣಿಕೊಪ್ಪಲು, ವಿರಾಜಪೇಟೆ ಕಡೆಯ ಬೆಳೆಗಾರರು ದಯವಿಟ್ಟು ಓದಿ. ಕಾಫಿ ಮಾರಿದ ಹಣ ಕೈಗೆ ಬರುವ ಹೊತ್ತಿಗೆ ಸರಿಯಾಗಿ ಹೊಸ ಕ್ರಿಪ್ಟೊ (ಬಿಟ್‌ಕಾಯಿನ್‌ನಂಥ ಡಿಜಿಟಲ್) ನಾಣ್ಯವೊಂದರ ಪ್ರಚಾರಕರು ನಮ್ಮೂರಿಗೆ ಬಂದಿದ್ದರು. ಅವರಲ್ಲೊಬ್ಬ ನಮ್ಮ ನೆಂಟನೇ. ಬೆಳೆಸಾಲ ತೀರಿಸಲು ಚಿಕ್ಕಪ್ಪ ತೆಗೆದಿಟ್ಟಿದ್ದ ಹಣವೆಲ್ಲ ಅದರಲ್ಲಿ ಹೋಯಿತು.

“ಬಿಟ್‌ಕಾಯಿನ್ ಅಂತೂ ಕೈತಪ್ಪಿತು, ಇದನ್ನಾದರೂ ಬಿಡಬೇಡಿ ಚಿಕ್ಕಪ್ಪ. ಎಕ್ಸ್‌ಚೇಂಜಿನಲ್ಲಿ ಲಿಸ್ಟ್ ಆಗುವ ಮೊದಲು ಕೊಂಡವರಿಗೇ ಲಾಭ” ಎಂಬುದು ಆ ನೆಂಟನ ರಾಗ. ಲಿಸ್ಟ್ ಆಗುವುದೆಂದರೆ ನಾಣ್ಯ ಎಲ್ಲರೂ ಕೊಳ್ಳುವ, ಮಾರುವ ಮಾರುಕಟ್ಟೆಗೆ ಬರುವುದು. 2010ರ ಮೇ 22ರಂದು ಅಮೆರಿಕದಲ್ಲಿ ಒಬ್ಬರು ಹತ್ತು ಸಾವಿರ ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾ ತರಿಸಿಕೊಂಡ ಕಥೆಯನ್ನೂ, ಬಿಟ್‌ಕಾಯಿನ್ ಆಗ ಅಷ್ಟು ಅಗ್ಗವಾಗಿತ್ತೆಂದು ತೋರಿಸಲು, ಹೇಳಿದ. ಕಥೆ ನಿಜವೇ. ಆದರೆ “ನಿಮ್ಮ ಕೆಳಗೆ ಇಬ್ಬರನ್ನು ಸೇರಿಸಿದರೆ ಕಮಿಷನ್” ಎಂದು ಇವರ ಹಾಗೆ ಆಗ ಬಿಟ್‌ಕಾಯಿನ್ ಮಾರುತ್ತಿರಲಿಲ್ಲ.

ಬಿಟ್‌ಕಾಯಿನನ್ನು ತಡವಾಗಿ ಕೊಂಡವರೂ ಪೆಟ್ಟು ತಿಂದಿದ್ದಾರೆ. 2021ರ ನವೆಂಬರಿನಲ್ಲಿ 69 ಸಾವಿರ ಡಾಲರ್ ಹತ್ತಿರವಿದ್ದ ಬೆಲೆ ಒಂದೇ ವರ್ಷದಲ್ಲಿ 16 ಸಾವಿರದ ಆಸುಪಾಸಿಗೆ ಇಳಿಯಿತು. ಆದರೂ ಇಳಿದ ಬೆಲೆಗೆ ಕೊಳ್ಳುವ ಅಪರಿಚಿತರಿದ್ದರು. ಕಾಫಿಗೆ ಒಬ್ಬ ವ್ಯಾಪಾರಿ ಕಡಿಮೆ ದರ ಹೇಳಿದರೆ ಇನ್ನೊಬ್ಬನಲ್ಲಿಗೆ ಹೋಗುತ್ತೇವಲ್ಲ, ಹಾಗೆ. ಈ ಹೊಸ ನಾಣ್ಯಕ್ಕಾದರೋ ಬೆಲೆ ಕಟ್ಟುವವರೂ ಅದರ ಪ್ರಚಾರಕರೇ, ಕೊಳ್ಳಬೇಕಾದವರೂ ಅವರೇ. ಆ್ಯಪಿನಲ್ಲಿ ಅಂಕಿ ಮಾತ್ರ ದಿನವೂ ಏರುತ್ತಿತ್ತು. ಫೆಬ್ರವರಿಯಲ್ಲಿ ಸೇರಿದವರಿಗೆ ಒಂದಿಷ್ಟು ಹಣ ಬಂದದ್ದು ಹೌದು; ಅದು ಏಪ್ರಿಲಿನಲ್ಲಿ ಸೇರಿದ ಚಿಕ್ಕಪ್ಪನಂಥವರ ಹಣವೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಹಣ ವಾಪಸ್ ಕೇಳಿದಾಗ ಮೊದಲು ‘ಲಾಕ್‌-ಇನ್’, ಅಂದರೆ ಇಂತಿಷ್ಟು ಕಾಲ ಹಣ ತೆಗೆಯುವಂತಿಲ್ಲ, ಅಂದರು. ಆಮೇಲೆ, ಶೇಕಡಾ 30ರ ತೆರಿಗೆಯನ್ನು ಮುಂಗಡವಾಗಿ ತಮಗೆ ಕಟ್ಟಬೇಕೆಂದರು. ಇಲ್ಲಿ ವಿಶೇಷ ಗಮನವಿರಲಿ. ಕ್ರಿಪ್ಟೊ ಲಾಭಕ್ಕೆ 2022ರ ಏಪ್ರಿಲ್‌ನಿಂದ ಆ ತೆರಿಗೆ ಇರುವುದು ನಿಜ, ಆದರೆ ಅದನ್ನು ಕಟ್ಟುವುದು ಆದಾಯ ತೆರಿಗೆ ಇಲಾಖೆಗೆ, ಯಾರದೋ ಯುಪಿಐ ಖಾತೆಗಲ್ಲ. ಶೇಕಡಾ 1ರ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಕೂಡ ಮಾರಿದ ಮೊತ್ತದಲ್ಲೇ ಕಡಿತವಾಗುತ್ತದೆ. ಚಿಕ್ಕಪ್ಪ ಒಡವೆ ಅಡವಿಡಲು ಹೊರಟೇಬಿಟ್ಟಿದ್ದರು. ಚಿಕ್ಕಮ್ಮ ಬೀರುವಿನ ಕೀಲಿ ಕೊಡಲಿಲ್ಲ. ಅಷ್ಟಾದರೂ ಉಳಿಯಿತು.

ನೆಂಟನ ಹಣವೂ ಹೋಯಿತಂತೆ. ಕಮಿಷನ್ ಎಷ್ಟು ಬಂತೆಂದು ಮಾತ್ರ ಹೇಳುತ್ತಿಲ್ಲ.

ಯಾರಾದರೂ ಈಗಾಗಲೇ ಹಣ ಹಾಕಿದ್ದರೆ ನೆಂಟಸ್ತಿಕೆ ನೋಡದೆ ಇಂದೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೂ ವಂಚಕರ ಖಾತೆಯಲ್ಲಿದ್ದರಷ್ಟೇ ಅದನ್ನು ತಡೆಹಿಡಿಯಲು ಸಾಧ್ಯ. ವರ್ಗಾವಣೆಯ ವಿವರ, ವಾಟ್ಸ್‌ಆ್ಯಪ್ ಮಾತುಕತೆ ಯಾವುದನ್ನೂ ಅಳಿಸಬೇಡಿ. ದೂರು ಕೊಟ್ಟ ಮೇಲೆ ಚಿಕ್ಕಪ್ಪನಿಗೆ ಬೇರೆಯೇ ಕರೆಗಳು ಬರುತ್ತಿವೆ: “ನಿಮ್ಮ ನಾಣ್ಯ ಪತ್ತೆಯಾಗಿದೆ, ಶುಲ್ಕ ಕಟ್ಟಿದರೆ ಬಿಡಿಸಿಕೊಡುತ್ತೇವೆ.” ಅವರಿಗೂ ಒಂದು ರೂಪಾಯಿ ಕೊಡಬೇಡಿ.